ಅಪ್ಲಿಕೇಶನ್ ಸರ್ವರ್ ಮೆಮೊರಿ ತುಂಬಿದಾಗ: ರೀಸ್ಟಾರ್ಟ್‌ಗೆ ಮೊದಲು ನೋಡಬೇಕಾದದ್ದು

ಬ್ಯಾಡಗಿ ಮಾರುಕಟ್ಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರ. ಜನವರಿಯಿಂದ ಮಾರ್ಚ್‌ವರೆಗೆ ಆವಕ ಜೋರು. ಆ ದಿನಗಳಲ್ಲಿ ಲಾಟ್ ನಮೂದು, ತೂಕ, ದರ, ರೈತರ ಲೆಕ್ಕಪಟ್ಟಿ, ಬ್ಯಾಂಕ್ ಪಾವತಿ ಎಲ್ಲವೂ ಕೆಲವೇ ಗಂಟೆಗಳಲ್ಲಿ ದಲಾಲಿ ಸಂಸ್ಥೆಯ ತಂತ್ರಾಂಶದ ಮೇಲೆ ಬೀಳುತ್ತವೆ. ಹುಬ್ಬಳ್ಳಿಯಲ್ಲಿ ಕುಳಿತು ಇಂಥ ತಂತ್ರಾಂಶಗಳನ್ನು ನೋಡಿಕೊಳ್ಳುವವರಿಗೆ ಮಧ್ಯಾಹ್ನ ಬರುವ ಫೋನ್ ಕರೆಯ ಮಾತು ಬಹುತೇಕ ಒಂದೇ: "ಸರ್, ಸರ್ವರ್ ಮೆಮೊರಿ ತೊಂಬತ್ತೈದು ಪರ್ಸೆಂಟ್ ತೋರಿಸುತ್ತಿದೆ. ರೀಸ್ಟಾರ್ಟ್ ಮಾಡಲೇ?"

ಮಾಡಿದರೆ ಅರ್ಧ ಗಂಟೆ ನೆಮ್ಮದಿ ಸಿಗುತ್ತದೆ, ನಿಜ. ಆದರೆ ಮೆಮೊರಿಯನ್ನು ತಿಂದದ್ದು ಯಾವುದು ಎನ್ನುವ ಸಾಕ್ಷ್ಯ ಇರುವುದು ಅದೇ ಮೆಮೊರಿಯಲ್ಲಿ; ರೀಸ್ಟಾರ್ಟ್ ಅದನ್ನೇ ಮೊದಲು ಒರೆಸಿಹಾಕುತ್ತದೆ. ಗುರುವಾರ ಮತ್ತೆ ಅದೇ ಕರೆ ಬರುತ್ತದೆ. ಮುಂದಿನ ತಿಂಗಳು ಯಾರೋ ಹೊಸ ರ‍್ಯಾಮ್ ಕೊಳ್ಳಲು ಕೊಟೇಶನ್ ತರಿಸುತ್ತಾರೆ. ಹತ್ತು ನಿಮಿಷ ಕೊಟ್ಟು ಕೆಳಗಿನ ಕ್ರಮದಲ್ಲಿ ನೋಡಿದರೆ ಆ ಖರ್ಚು ಬೇಕೋ ಬೇಡವೋ ತಿಳಿಯುತ್ತದೆ.

ಇಲ್ಲಿ ಹೇಳುವುದು ಲಿನಕ್ಸ್ ಮೇಲೆ ಓಡುವ ಜಾವಾ ಆಧಾರಿತ ಸರ್ವರ್‌ಗಳಿಗೆ, ಅಂದರೆ ಟಾಮ್‌ಕ್ಯಾಟ್, ವೈಲ್ಡ್‌ಫ್ಲೈ, ವೆಬ್‌ಲಾಜಿಕ್ ಮುಂತಾದವುಗಳಿಗೆ ಅನ್ವಯಿಸುತ್ತದೆ. ಕಮಾಂಡ್‌ಗಳ ಹೆಸರನ್ನು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕೆಂದು ಈ ಕೆಲಸ ಮಾಡುವವರಿಗೆ ಹೇಳಬೇಕಾಗಿಲ್ಲ.

ಹೆಜ್ಜೆ 1: ತಿನ್ನುತ್ತಿರುವುದು ಯಾರು?

ಮೊದಲು 'ಫ್ರೀ' ಕಮಾಂಡ್ ಕೊಡಿ. ಹೆಚ್ಚಿನವರು ನೋಡುವುದು 'ಫ್ರೀ' ಎಂಬ ಕಾಲಂ. ನೋಡಬೇಕಾದದ್ದು ಕೊನೆಯಲ್ಲಿರುವ 'ಅವೇಲಬಲ್' ಕಾಲಂ. ಖಾಲಿ ಇರುವ ರ‍್ಯಾಮನ್ನು ಲಿನಕ್ಸ್ ಸುಮ್ಮನೆ ಬಿಡುವುದಿಲ್ಲ. ಡಿಸ್ಕ್‌ನಿಂದ ಓದಿದ ಫೈಲ್‌ಗಳನ್ನು ಅಲ್ಲಿ ಇಟ್ಟುಕೊಳ್ಳುತ್ತದೆ, ಯಾವುದಾದರೂ ಪ್ರೋಗ್ರಾಂ ಕೇಳಿದ ಕೂಡಲೇ ಬಿಟ್ಟುಕೊಡುತ್ತದೆ. ಕೆಲವು ಮಾನಿಟರಿಂಗ್ ಸಾಧನಗಳು ಈ ಕ್ಯಾಶ್ ಅನ್ನೂ ಬಳಕೆಯ ಲೆಕ್ಕಕ್ಕೇ ಸೇರಿಸಿ ಗಂಟೆ ಬಾರಿಸುತ್ತವೆ. ಅವೇಲಬಲ್ ಸಾಕಷ್ಟಿದ್ದರೆ ಗಾಬರಿಗೆ ಕಾರಣವಿಲ್ಲ. ಎಷ್ಟೋ ದೂರುಗಳು ಇಲ್ಲಿಗೇ ಮುಗಿಯುತ್ತವೆ.

ನಿಜಕ್ಕೂ ಕಡಿಮೆಯಾಗಿದ್ದರೆ 'ಟಾಪ್' ತೆರೆದು ದೊಡ್ಡ ಅಕ್ಷರದ ಎಂ ಒತ್ತಿ. ಮೆಮೊರಿ ಬಳಕೆಯ ಕ್ರಮದಲ್ಲಿ ಪಟ್ಟಿ ಬರುತ್ತದೆ. ಅದರಲ್ಲಿ 'ವರ್ಟ್' ಕಾಲಂ ಎಷ್ಟು ದೊಡ್ಡದಿದ್ದರೂ ತಲೆಕೆಡಿಸಿಕೊಳ್ಳಬೇಡಿ, ಅದು ಕಾಯ್ದಿರಿಸಿದ ವಿಳಾಸಗಳ ಲೆಕ್ಕ ಮಾತ್ರ. ರ‍್ಯಾಮ್‌ನಲ್ಲಿ ನಿಜವಾಗಿ ಕುಳಿತಿರುವುದನ್ನು ತೋರಿಸುವುದು 'ರೆಸ್' ಕಾಲಂ. ನಮ್ಮ ಭಾಗದ ಸಣ್ಣ ಸಂಸ್ಥೆಗಳಲ್ಲಿ ಡೇಟಾಬೇಸ್ ಮತ್ತು ಅಪ್ಲಿಕೇಶನ್ ಸರ್ವರ್ ಒಂದೇ ಯಂತ್ರದಲ್ಲಿರುವುದು ಮಾಮೂಲು. 16 ಜಿಬಿ ಯಂತ್ರದಲ್ಲಿ ಮೈಎಸ್‌ಕ್ಯೂಎಲ್ ಡೇಟಾಬೇಸ್ ತನ್ನ ದತ್ತಾಂಶ ಇಟ್ಟುಕೊಳ್ಳುವ ಬಫರ್ ಪೂಲ್‌ಗೆ ಒಬ್ಬರು 8 ಜಿಬಿ ಬರೆದಿರುತ್ತಾರೆ, ಜಾವಾ ಹೀಪ್‌ಗೆ, ಅಂದರೆ ಪ್ರೋಗ್ರಾಂ ತನ್ನ ವಸ್ತುಗಳನ್ನು (ಆಬ್ಜೆಕ್ಟ್‌ಗಳನ್ನು) ಇಡುವ ಮೆಮೊರಿಗೆ, ಇನ್ನೊಬ್ಬರು 8 ಜಿಬಿ ಬರೆದಿರುತ್ತಾರೆ. ಆಪರೇಟಿಂಗ್ ಸಿಸ್ಟಂಗೆ ಉಳಿದದ್ದು ಸೊನ್ನೆ. ಇದು ಸೋರಿಕೆಯಲ್ಲ (ಬೇಡವಾದ ವಸ್ತುಗಳು ಮೆಮೊರಿ ಬಿಡದೆ ಕೂರುವುದಕ್ಕೆ ಹಾಗೆನ್ನುತ್ತಾರೆ), ಕೂಡುವ ಲೆಕ್ಕದ ತಪ್ಪು.

ಇಲ್ಲಿಯೇ 'ವಿಎಂಸ್ಟ್ಯಾಟ್' ಅನ್ನೂ ಒಂದು ನಿಮಿಷ ಓಡಿಸಿ 'ಎಸ್‌ಐ', 'ಎಸ್‌ಒ' ಕಾಲಂ ಗಮನಿಸಿ. ಅವು ಬಿಡದೆ ಓಡುತ್ತಿದ್ದರೆ ಯಂತ್ರ ಸ್ವಾಪ್‌ಗೆ ಇಳಿದಿದೆ, ರ‍್ಯಾಮ್ ಸಾಲದೆ ಡಿಸ್ಕನ್ನೇ ಮೆಮೊರಿಯಂತೆ ಬಳಸುತ್ತಿದೆ ಎಂದರ್ಥ. ಜಾವಾಕ್ಕೆ ಇದು ಬಹಳ ಕೆಟ್ಟದ್ದು. ಬಳಕೆ ಮುಗಿದ ವಸ್ತುಗಳ ಕಸ ತೆಗೆಯುವಾಗ (ಗಾರ್ಬೇಜ್ ಕಲೆಕ್ಷನ್, ಅಂದರೆ ಜಿಸಿ) ಅದು ಹೀಪ್‌ನ ಮೂಲೆಮೂಲೆಯನ್ನೂ ಮುಟ್ಟಬೇಕು. ಅರ್ಧ ಹೀಪ್ ಡಿಸ್ಕ್‌ನಲ್ಲಿದ್ದರೆ ಕ್ಷಣದಲ್ಲಿ ಮುಗಿಯಬೇಕಾದ ಕೆಲಸ ನಿಮಿಷಗಳಿಗೆ ಹಿಗ್ಗುತ್ತದೆ.

ಹೆಜ್ಜೆ 2: ಹೀಪ್ ಎಂದರೆ ಪೂರ್ತಿ ಜಾವಾ ಅಲ್ಲ

ಹೀಪ್‌ಗೆ 4 ಜಿಬಿ ಮಿತಿ ಹಾಕಿದ್ದೇವೆ, ಆದರೂ ಟಾಪ್‌ನಲ್ಲಿ ಐದೂವರೆ ಕಾಣುತ್ತಿದೆ, ಇದು ಸೋರಿಕೆಯೇ ಎಂದು ಕೇಳುವವರಿದ್ದಾರೆ. ಇರಲೇಬೇಕೆಂದಿಲ್ಲ. ಎಕ್ಸ್‌ಎಂಎಕ್ಸ್ ಎಂಬ ಮಿತಿ ಹೀಪ್‌ಗೆ ಮಾತ್ರ. ಅದರ ಹೊರಗೆ ಕ್ಲಾಸ್‌ಗಳ ವಿವರ ಇಡುವ ಮೆಟಾಸ್ಪೇಸ್ ಇದೆ, ಕಂಪೈಲ್ ಆದ ಕೋಡ್‌ನ ಕ್ಯಾಶ್ ಇದೆ, ಡೈರೆಕ್ಟ್ ಬಫರ್‌ಗಳಿವೆ, ಗಾರ್ಬೇಜ್ ಕಲೆಕ್ಟರ್‌ನ ಸ್ವಂತ ಲೆಕ್ಕಪುಸ್ತಕವಿದೆ. 64 ಬಿಟ್ ಲಿನಕ್ಸ್‌ನಲ್ಲಿ ಪ್ರತಿ ಥ್ರೆಡ್‌ಗೆ (ಏಕಕಾಲಕ್ಕೆ ಓಡುವ ಒಂದೊಂದು ಕೆಲಸದ ಎಳೆಗೆ) ಸಾಮಾನ್ಯವಾಗಿ 1 ಎಂಬಿಯ ಸ್ಟ್ಯಾಕ್ ಮೀಸಲಾಗುತ್ತದೆ. ಅಷ್ಟೂ ರ‍್ಯಾಮ್‌ನಲ್ಲಿ ಕೂರುವುದಿಲ್ಲವಾದರೂ ಥ್ರೆಡ್‌ಗಳು ಸಾವಿರ ದಾಟಿದರೆ ಲೆಕ್ಕ ಕಾಣಿಸತೊಡಗುತ್ತದೆ.

ಇನ್ನೊಂದು ಮಾತು: ಒಮ್ಮೆ ಪಡೆದ ಹೀಪ್ ಜಾಗವನ್ನು ಜಾವಾ ಆಪರೇಟಿಂಗ್ ಸಿಸ್ಟಂಗೆ ಸುಲಭವಾಗಿ ಹಿಂತಿರುಗಿಸುವುದಿಲ್ಲ. ಒಳಗೆ ಮುಕ್ಕಾಲು ಪಾಲು ಖಾಲಿಯಿದ್ದರೂ ಹೊರಗಿನಿಂದ ನೋಡುವ ಟಾಪ್‌ಗೆ ತುಂಬಿದಂತೆಯೇ ಕಾಣಬಹುದು. ಹಾಗಾಗಿ ಒಳಗೆ ಇಣುಕದೆ ತೀರ್ಪು ಕೊಡಬಾರದು.

ಹೆಜ್ಜೆ 3: ತಳ ಏರುತ್ತಿದೆಯೇ?

ಇಡೀ ಕೆಲಸದಲ್ಲಿ ಮುಖ್ಯವಾದ ಪ್ರಶ್ನೆ ಇದೇ. ಆರೋಗ್ಯವಂತ ಜಾವಾ ಸರ್ವರ್‌ನ ಹೀಪ್ ಬಳಕೆ ಏರುತ್ತದೆ, ಕಸ ತೆಗೆದಾಗ ಧಡಕ್ಕನೆ ಇಳಿಯುತ್ತದೆ, ಮತ್ತೆ ಏರುತ್ತದೆ. ಗರಗಸದ ಹಲ್ಲಿನ ಆಕಾರದ ಈ ಗೆರೆಯಲ್ಲಿ ಎಲ್ಲರ ಕಣ್ಣೂ ತುದಿಯ ಮೇಲಿರುತ್ತದೆ. ತುದಿಗೆ ಅರ್ಥವಿಲ್ಲ. ಕಸ ತೆಗೆದ ಮೇಲೂ ಉಳಿದದ್ದು ಎಷ್ಟು, ಅಂದರೆ ತಳ ಎಲ್ಲಿದೆ ಎನ್ನುವುದನ್ನು ನೋಡಿ.

ತಕ್ಷಣಕ್ಕೆ ನೋಡಲು 'ಜೆಸ್ಟ್ಯಾಟ್' ಸಾಕು. ಅದಕ್ಕೆ 'ಜಿಸಿಯುಟಿಲ್' ಆಯ್ಕೆ, ಪ್ರೊಸೆಸ್ ಸಂಖ್ಯೆ, ಕೊನೆಗೆ 5000 ಎಂದು ಕೊಟ್ಟರೆ ಐದು ಸೆಕೆಂಡಿಗೊಮ್ಮೆ ಒಂದು ಸಾಲು ಬರುತ್ತದೆ. 'ಒ' ಎಂಬ ಕಾಲಂ ಹಳೆಯ ವಸ್ತುಗಳ ವಿಭಾಗ ಶೇಕಡಾ ಎಷ್ಟು ತುಂಬಿದೆ ಎಂದು ಹೇಳುತ್ತದೆ, 'ಎಫ್‌ಜಿಸಿ' ಇದುವರೆಗೆ ಎಷ್ಟು ಬಾರಿ ಪೂರ್ಣ ಸಫಾಯಿ ಆಗಿದೆ ಎಂದು. ಎಫ್‌ಜಿಸಿ ಸಂಖ್ಯೆ ಓಡುತ್ತಿದೆ, ಆದರೆ ಒ ಕಾಲಂ ತೊಂಬತ್ತರಿಂದ ಕೆಳಗೆ ಇಳಿಯುತ್ತಿಲ್ಲ ಎಂದರೆ ಸರ್ವರ್ ಈಗ ಗ್ರಾಹಕರ ಕೆಲಸ ಬಿಟ್ಟು ಕಸ ಹುಡುಕುವುದರಲ್ಲೇ ಸಿಪಿಯು ಸುಡುತ್ತಿದೆ. ಪುಟಗಳು ತೆರೆಯದಿರುವುದಕ್ಕೆ ಕಾರಣ ಸಿಕ್ಕಿತು.

ದೀರ್ಘಾವಧಿಗೆ ಜಿಸಿ ಲಾಗ್ ಬೇಕು. ಜಾವಾ 9ರಿಂದ ಈಚೆಗೆ ಎಕ್ಸ್‌ಲಾಗ್ ಆಯ್ಕೆಯಲ್ಲಿ ಜಿಸಿ ಎಂದು ಸೂಚಿಸಿ ಫೈಲ್ ಹೆಸರು ಮತ್ತು ಗಾತ್ರದ ಮಿತಿ ಕೊಟ್ಟರಾಯಿತು. ಜಾವಾ 8ರಲ್ಲಿ ಎಕ್ಸ್‌ಲಾಗ್‌ಜಿಸಿ ಎಂಬ ಹಳೆಯ ಆಯ್ಕೆ ಇದೆ. ಇದರ ಖರ್ಚು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅದನ್ನು ಬಂದ್ ಮಾಡಿಟ್ಟು ದುಡ್ಡಿನ ವ್ಯವಹಾರದ ಸರ್ವರ್ ನಡೆಸುವವರ ಧೈರ್ಯ ನನಗಿಲ್ಲ.

ಲಾಗ್ ಓದುವಾಗ ಎರಡು ಎಚ್ಚರ. ಜಾವಾ 9ರ ನಂತರ ಸಾಮಾನ್ಯವಾಗಿ ಜಿ1 ಕಲೆಕ್ಟರ್ ಇರುತ್ತದೆ. ಅದು ಹಳೆಯ ವಿಭಾಗವನ್ನು ಪ್ರತಿ ಬಾರಿಯೂ ಗುಡಿಸುವುದಿಲ್ಲ, ಗುರುತು ಹಾಕುವ ಸುತ್ತು ಮುಗಿದ ಮೇಲೆ ಕಂತುಕಂತಾಗಿ ಗುಡಿಸುತ್ತದೆ. ಆದ್ದರಿಂದ ಎರಡು ಸಣ್ಣ ಸಫಾಯಿಗಳನ್ನು ಹೋಲಿಸಿ ತಳ ಏರಿತು ಎನ್ನಬೇಡಿ. ಎರಡನೆಯದು ನಮ್ಮ ಊರಿನ ಲೆಕ್ಕ: ಸೋಮವಾರವನ್ನು ಮಂಗಳವಾರದ ಜೊತೆ ತೂಗಬಾರದು. ಮಾರುಕಟ್ಟೆಯ ದಿನವನ್ನು ಮಾರುಕಟ್ಟೆಯ ದಿನದ ಜೊತೆಗೇ ಹೋಲಿಸಬೇಕು. ಕಳೆದ ಸೋಮವಾರ ಸಂಜೆ ವ್ಯಾಪಾರ ಮುಗಿದ ಮೇಲೆ ತಳ 1.2 ಜಿಬಿ, ಈ ಸೋಮವಾರ ಅದೇ ಹೊತ್ತಿಗೆ 2.1, ನಡುವೆ ರೀಸ್ಟಾರ್ಟ್ ಆಗಿಲ್ಲ ಎಂದಾದರೆ ಸೋರಿಕೆಯ ಅನುಮಾನ ಗಟ್ಟಿ. ಮಧ್ಯಾಹ್ನ ಏರಿ ರಾತ್ರಿ ಹಳೆಯ ಮಟ್ಟಕ್ಕೇ ಬಂದರೆ ಅದು ಸೋರಿಕೆಯಲ್ಲ. ಒಬ್ಬೊಬ್ಬ ಬಳಕೆದಾರನೂ ಹೆಚ್ಚು ಜಾಗ ಹಿಡಿಯುತ್ತಿದ್ದಾನೆ, ಇಲ್ಲವೇ ಹೀಪ್ ನಿಜಕ್ಕೂ ಚಿಕ್ಕದಾಗಿದೆ.

ಹೆಜ್ಜೆ 4: ದೋಷದ ಸಾಲನ್ನು ಪೂರ್ತಿ ಓದಿ

'ಔಟ್ ಆಫ್ ಮೆಮೊರಿ' ಎಂಬಷ್ಟು ಓದಿ ಹೀಪ್ ಹೆಚ್ಚಿಸುವವರೇ ಬಹಳ. ಆ ಪದಗಳ ನಂತರ ಬರುವುದೇ ವಿಷಯ. 'ಜಾವಾ ಹೀಪ್ ಸ್ಪೇಸ್' ಎಂದಿದ್ದರೆ ಹೀಪ್ ತುಂಬಿದೆ. 'ಜಿಸಿ ಓವರ್‌ಹೆಡ್ ಲಿಮಿಟ್' ಎಂದರೆ, ಪ್ಯಾರಲಲ್ ಕಲೆಕ್ಟರ್ ತನ್ನ ಸಮಯದ ಶೇ. 98ಕ್ಕೂ ಹೆಚ್ಚು ಸಫಾಯಿಗೇ ಕೊಟ್ಟರೂ ಹೀಪ್‌ನ ಶೇ. 2ರಷ್ಟನ್ನೂ ಬಿಡಿಸಿಕೊಳ್ಳಲಾಗದೆ ಕೈಚೆಲ್ಲಿದೆ. 'ಮೆಟಾಸ್ಪೇಸ್' ಎಂದಿದ್ದರೆ ಕ್ಲಾಸ್‌ಗಳು ತುಂಬಿಕೊಂಡಿವೆ. ಹೀಪ್ ಹೆಚ್ಚಿಸಿ ಉಪಯೋಗವಿಲ್ಲ. 'ನೇಟಿವ್ ಥ್ರೆಡ್' ಸೃಷ್ಟಿಸಲಾಗಲಿಲ್ಲ ಎಂದಿದ್ದರೆ ಹೀಪ್ ಹೆಚ್ಚಿಸುವುದು ಅಪಾಯ ಕೂಡ, ಏಕೆಂದರೆ ಥ್ರೆಡ್‌ಗಳಿಗೆ ಬೇಕಾದ ಜಾಗ ಹೀಪ್‌ನ ಹೊರಗಿದೆ. ಅಲ್ಲಿ ನೋಡಬೇಕಾದದ್ದು ಬಳಕೆದಾರರಿಗೆ ಹಾಕಿದ ಥ್ರೆಡ್ ಮಿತಿ ಮತ್ತು ಥ್ರೆಡ್‌ಗಳನ್ನು ಹುಟ್ಟಿಸಿ ಮರೆಯುವ ಕೋಡ್.

ಯಾವ ದೋಷದ ಸಾಲೂ ಇಲ್ಲದೆ ಸರ್ವರ್ ಮಾಯವಾದರೆ? 'ಡಿಮೆಸೇಜ್' ನೋಡಿ. ಯಂತ್ರದ ಮೆಮೊರಿ ಮುಗಿದಾಗ ಲಿನಕ್ಸ್ ಕರ್ನೆಲ್ ತಾನೇ ಒಂದು ಪ್ರೊಸೆಸ್ ಆರಿಸಿ ಕೊಲ್ಲುತ್ತದೆ, ಬಲಿಯಾಗುವುದು ಹೆಚ್ಚಾಗಿ ಎಲ್ಲಕ್ಕಿಂತ ದಪ್ಪಗಿರುವ ಜಾವಾ. ಕೊಂದ ಸಾಲು ಅಲ್ಲಿ ದಾಖಲಾಗಿರುತ್ತದೆ. ಪ್ರೋಗ್ರಾಮನ್ನು ಮಿತಿ ಹಾಕಿದ ಪ್ರತ್ಯೇಕ ಡಬ್ಬಿಯಲ್ಲಿ (ಕಂಟೇನರ್) ಇಡುವ ಡಾಕರ್‌ನಲ್ಲಿ ಓಡಿಸುತ್ತಿದ್ದರೆ ನಿರ್ಗಮನ ಸಂಖ್ಯೆ 137 ಕಾಣುತ್ತದೆ.

ಹೆಜ್ಜೆ 5: ಸಾಕ್ಷ್ಯ ಹಿಡಿಯುವುದು

ಮೊದಲು ಹಗುರವಾದದ್ದು. 'ಜೆಸಿಎಂಡಿ' ಮೂಲಕ ಕ್ಲಾಸ್ ಹಿಸ್ಟೋಗ್ರಾಮ್, ಅಂದರೆ ಯಾವ ಬಗೆಯ ವಸ್ತು ಎಷ್ಟಿದೆ ಎಂಬ ಪಟ್ಟಿ, ಕೇಳಿ ಫೈಲ್‌ಗೆ ಉಳಿಸಿ. ಬೆಳಗ್ಗೆ ಹನ್ನೊಂದಕ್ಕೆ ಒಂದು, ಸಂಜೆ ಐದಕ್ಕೆ ಇನ್ನೊಂದು. ಇದು ಒಮ್ಮೆ ಪೂರ್ಣ ಸಫಾಯಿ ಮಾಡಿಸುತ್ತದೆ, ಆದ್ದರಿಂದ ಕ್ಷಣಕಾಲ ತಡೆ ಆಗಬಹುದು. ಪಟ್ಟಿಯ ತುದಿಯಲ್ಲಿ ಬೈಟ್ ಸರಣಿ ಮತ್ತು ಸ್ಟ್ರಿಂಗ್ ಯಾವಾಗಲೂ ಇರುತ್ತವೆ, ಅವನ್ನು ನೋಡಿ ಹೌಹಾರಬೇಡಿ. ನಿಮ್ಮ ತಂತ್ರಾಂಶದ್ದೇ ಆದ ಕ್ಲಾಸ್, ಉದಾಹರಣೆಗೆ ಲಾಟ್ ವಿವರ ಇಡುವ ಕ್ಲಾಸ್, ಬೆಳಗ್ಗೆ ಎಷ್ಟಿತ್ತು, ಸಂಜೆ ಎಷ್ಟಾಯಿತು ಎನ್ನುವುದು ಮುಖ್ಯ. ಆ ದಿನ ಬಂದ ಲಾಟ್‌ಗಳ ಹತ್ತು ಪಟ್ಟು ವಸ್ತುಗಳು ಮೆಮೊರಿಯಲ್ಲಿದ್ದರೆ ಯಾರೋ ನಕಲುಗಳನ್ನು ಹಿಡಿದಿಟ್ಟುಕೊಂಡಿದ್ದಾರೆ.

ಆಮೇಲೆ ಹೀಪ್ ಡಂಪ್, ಅಂದರೆ ಹೀಪ್‌ನ ಪೂರ್ತಿ ನಕಲನ್ನು ಫೈಲ್‌ಗೆ ಬರೆಯುವುದು. ಇದು ತೆಗೆಯುವಷ್ಟು ಹೊತ್ತು ಸರ್ವರ್ ನಿಂತುಹೋಗುತ್ತದೆ, ಹೀಪ್ ದೊಡ್ಡದಾದಷ್ಟೂ ಹೆಚ್ಚು ಹೊತ್ತು. ಟೆಂಡರ್ ದರ ನಮೂದಾಗುತ್ತಿರುವಾಗ ಖಂಡಿತ ಬೇಡ. ಬಳಕೆಯಲ್ಲಿರುವ ಹೀಪ್‌ನಷ್ಟೇ ದೊಡ್ಡ ಫೈಲ್ ಹುಟ್ಟುತ್ತದೆ, ಹಾಗಾಗಿ ಡಿಸ್ಕ್‌ನಲ್ಲಿ ಜಾಗ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡೇಟಾಬೇಸ್ ಇರುವ ಡಿಸ್ಕ್‌ಗೇ ಡಂಪ್ ಸುರಿದು ಅದನ್ನೂ ಮಲಗಿಸುವುದು ಬೇಡ. ಮೆಮೊರಿ ಮುಗಿದಾಗ ತಾನಾಗಿಯೇ ಡಂಪ್ ಬರೆಯುವಂತೆ 'ಹೀಪ್ ಡಂಪ್ ಆನ್ ಔಟ್ ಆಫ್ ಮೆಮೊರಿ ಎರರ್' ಆಯ್ಕೆಯನ್ನೂ ಆ ಫೈಲ್ ಇಡಬೇಕಾದ ಜಾಗವನ್ನೂ ಇವತ್ತೇ ಹಾಕಿಡಿ. ಮಧ್ಯರಾತ್ರಿ ಬಿದ್ದರೂ ಬೆಳಗ್ಗೆ ಸಾಕ್ಷ್ಯ ಸಿಗುತ್ತದೆ.

ಡಂಪ್ ಫೈಲನ್ನು ಯಾರಿಗೂ ವಾಟ್ಸ್‌ಆ್ಯಪ್‌ನಲ್ಲಾಗಲಿ ಸಾರ್ವಜನಿಕ ಕೊಂಡಿಯಲ್ಲಾಗಲಿ ಕಳಿಸಬೇಡಿ. ರೈತರ ಬ್ಯಾಂಕ್ ಖಾತೆ ಸಂಖ್ಯೆ, ಮೊಬೈಲ್ ಸಂಖ್ಯೆ, ಡೇಟಾಬೇಸ್ ಪಾಸ್‌ವರ್ಡ್ ಎಲ್ಲವೂ ಅದರಲ್ಲಿ ತೆರೆದ ಅಕ್ಷರಗಳಲ್ಲಿ ಇರುತ್ತವೆ. ಕೆಲಸ ಮುಗಿದ ಮೇಲೆ ಅಳಿಸಿ.

ಹೆಜ್ಜೆ 6: ಡಂಪ್ ಓದುವುದು

ಎಕ್ಲಿಪ್ಸ್ ಮೆಮೊರಿ ಅನಲೈಜರ್ ಉಚಿತವಾಗಿ ಸಿಗುತ್ತದೆ. ಡಂಪ್ ದೊಡ್ಡದಾಗಿದ್ದರೆ ಅದನ್ನು ತೆರೆಯುವ ಯಂತ್ರಕ್ಕೂ ರ‍್ಯಾಮ್ ಬೇಕು. ಸರ್ವರ್‌ನಲ್ಲೇ ತೆರೆಯಲು ಹೋಗಬೇಡಿ. 'ಡಾಮಿನೇಟರ್ ಟ್ರೀ' ಎಂಬ ನೋಟದಲ್ಲಿ ಯಾವ ವಸ್ತು ಹೋದರೆ ಎಷ್ಟು ಮೆಮೊರಿ ಬಿಡುಗಡೆಯಾಗುತ್ತದೆ ಎಂದು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿರುತ್ತದೆ. ಮೇಲಿನ ನಾಲ್ಕೈದು ಸಾಲುಗಳಲ್ಲಿ ಉತ್ತರ ಅಡಗಿರುವುದೇ ಹೆಚ್ಚು. ಅನುಮಾನ ಬಂದ ವಸ್ತುವಿನ ಮೇಲೆ 'ಪಾತ್ ಟು ಜಿಸಿ ರೂಟ್ಸ್' ಕೇಳಿ, ವೀಕ್ ಮತ್ತು ಸಾಫ್ಟ್ ಕೊಂಡಿಗಳನ್ನು ಬಿಟ್ಟು.

ಈ ದಾರಿ ಏಕೆ ಮುಖ್ಯ ಎಂದರೆ, ಜಾವಾದಲ್ಲಿ ಸೋರಿಕೆ ಎಂದರೆ ಮೆಮೊರಿ ಎಲ್ಲೋ ಹರಿದುಹೋಗುವುದಲ್ಲ. ಗೋದಾಮಿನಲ್ಲಿ ಚೀಟಿ ಅಂಟಿದ ಚೀಲವನ್ನು ಹಮಾಲರು ಮುಟ್ಟುವುದಿಲ್ಲ. ಮಾಲೀಕ ಅದನ್ನು ಮರೆತು ವರ್ಷವಾಗಿದ್ದರೂ ಚೀಟಿ ಇರುವವರೆಗೆ ಅದು ಅಲ್ಲೇ. ಕಲೆಕ್ಟರ್ ಕೂಡ ಹಾಗೆಯೇ, ಓಡುತ್ತಿರುವ ಪ್ರೋಗ್ರಾಂ ಹಿಡಿದಿರುವ ಮೂಲಗಳಿಂದ (ಜಿಸಿ ರೂಟ್‌ಗಳಿಂದ) ಒಂದು ಗಟ್ಟಿ ಕೊಂಡಿ ತಲುಪುತ್ತಿದ್ದರೆ ವಸ್ತುವನ್ನು ತೆಗೆಯದು. ಆ ಚೀಟಿ ಹಚ್ಚಿದವರು ಯಾರು ಎಂಬುದನ್ನು ಈ ದಾರಿ ತೋರಿಸುತ್ತದೆ.

ಒಂದು ಮಾದರಿ ನೋಡಿ. ಗುಮಾಸ್ತರು 'ಈ ಹಂಗಾಮಿನ ಎಲ್ಲ ಲಾಟ್‌ಗಳು' ಎಂಬ ಪುಟ ತೆರೆಯುತ್ತಾರೆ. ಪುಟ ಬದಲಿಸುವಾಗ ಬೇಗ ಬರಲಿ ಎಂದು ಪ್ರೋಗ್ರಾಮರ್ ಇಡೀ ಪಟ್ಟಿಯನ್ನು ಬಳಕೆದಾರರ ಸೆಷನ್‌ನಲ್ಲಿ (ಲಾಗಿನ್ ಆದ ಒಬ್ಬೊಬ್ಬರಿಗೂ ಸರ್ವರ್ ಮೀಸಲಿಡುವ ನೆನಪಿನಲ್ಲಿ) ಇಟ್ಟಿರುತ್ತಾನೆ, ತಲಾ 40 ಎಂಬಿ ಎಂದಿಟ್ಟುಕೊಳ್ಳಿ. ಟಾಮ್‌ಕ್ಯಾಟ್‌ನಲ್ಲಿ ಸೆಷನ್ ಸಾಮಾನ್ಯವಾಗಿ 30 ನಿಮಿಷ ನಿಷ್ಕ್ರಿಯವಾಗಿದ್ದರೆ ಮುಗಿಯುತ್ತದೆ. ಪದೇ ಪದೇ ಲಾಗಿನ್ ಕೇಳುತ್ತದೆ ಎಂದು ಗುಮಾಸ್ತರು ಗೊಣಗಿದ್ದಕ್ಕೆ ಯಾರೋ ಅದನ್ನು 8 ಗಂಟೆಗೆ ಏರಿಸಿರುತ್ತಾರೆ. ಲಾಗೌಟ್ ಒತ್ತುವ ಅಭ್ಯಾಸ ಯಾರಿಗೂ ಇಲ್ಲ, ಬ್ರೌಸರ್ ಮುಚ್ಚಿ ಚಹಾಕ್ಕೆ ಹೋಗುತ್ತಾರೆ, ಬಂದು ಹೊಸ ಸೆಷನ್ ತೆರೆಯುತ್ತಾರೆ. ಅರವತ್ತು ಸೆಷನ್ ಆದರೆ 2.4 ಜಿಬಿ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ಸರಿಯಾದದ್ದನ್ನೇ ಮಾಡಿದ್ದಾರೆ, ಸರ್ವರ್ ಮಾತ್ರ ಮಲಗಿದೆ. ಪರಿಹಾರ: ಸೆಷನ್‌ನಲ್ಲಿ ಹುಡುಕಾಟದ ಷರತ್ತು ಮತ್ತು ಪುಟ ಸಂಖ್ಯೆ ಮಾತ್ರ ಇಡಿ, ಐವತ್ತು ಸಾಲುಗಳನ್ನು ಡೇಟಾಬೇಸ್‌ನಿಂದಲೇ ತನ್ನಿ, ಸಮಯಮಿತಿಯನ್ನು ಕೆಳಗಿಳಿಸಿ.

ಮತ್ತೆ ಮತ್ತೆ ಸಿಕ್ಕಿಬೀಳುವವರು

ವರದಿಗಳು ಮೊದಲ ಆರೋಪಿಗಳು. ಅಪಾಚೆ ಪಿಒಐ ಲೈಬ್ರರಿ ಬಳಸಿ ಎಕ್ಸೆಲ್ ತಯಾರಿಸುವಾಗ ಅದರ ಎಕ್ಸ್‌ಎಸ್‌ಎಸ್‌ಎಫ್ ಭಾಗ ಇಡೀ ಹಾಳೆಯನ್ನು ಮೆಮೊರಿಯಲ್ಲಿ ಕಟ್ಟುತ್ತದೆ. ದೊಡ್ಡ ವರದಿಗೆ ಎಸ್‌ಎಕ್ಸ್‌ಎಸ್‌ಎಸ್‌ಎಫ್ ಬಳಸಿದರೆ ಬರೆದ ಸಾಲುಗಳು ಡಿಸ್ಕ್‌ಗೆ ಇಳಿಯುತ್ತವೆ. ಕನ್ನಡದಲ್ಲಿ ಪಿಡಿಎಫ್ ಪಟ್ಟಿ ಕೊಡುವ ತಂತ್ರಾಂಶಗಳಲ್ಲಿ ಪ್ರತಿ ಪಟ್ಟಿಗೂ ಫಾಂಟ್ ಫೈಲನ್ನು ಹೊಸದಾಗಿ ಓದುವ ಕೋಡ್ ಇದೆಯೇ ಎಂದೂ ನೋಡಿ. ಫಾಂಟ್‌ನ ಬೈಟ್‌ಗಳನ್ನು ಒಮ್ಮೆ ಓದಿಟ್ಟುಕೊಂಡರೆ ಸಾಕು.

ಮೈಎಸ್‌ಕ್ಯೂಎಲ್‌ನ ಜಾವಾ ಡ್ರೈವರ್, ಬೇರೆ ಹೇಳದಿದ್ದರೆ, ಪ್ರಶ್ನೆಯ ಪೂರ್ತಿ ಉತ್ತರವನ್ನು ಒಮ್ಮೆಗೇ ಮೆಮೊರಿಗೆ ಎಳೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್ ಡ್ರೈವರ್ ಕೂಡ ಹಾಗೆಯೇ. ಅಲ್ಲಿ ಫೆಚ್ ಸೈಜ್ (ಒಮ್ಮೆಗೆ ಎಷ್ಟು ಸಾಲು ತರಬೇಕೆಂಬ ಸಂಖ್ಯೆ) ಕೊಟ್ಟರೂ ಆಟೋಕಮಿಟ್ ಬಂದ್ ಮಾಡದಿದ್ದರೆ ಅದು ಕೆಲಸ ಮಾಡುವುದಿಲ್ಲ. ಈ ಎರಡನೆಯ ಷರತ್ತು ಬಹಳ ಮಂದಿಗೆ ಗೊತ್ತಿಲ್ಲ.

ಸಹಕಾರಿ ಸಂಘಗಳ ತಂತ್ರಾಂಶ ನೋಡಿಕೊಳ್ಳುವವರಿಗೆ ಬೇರೆಯದೇ ಹಂಗಾಮು. ಗದಗ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ಸಹಕಾರಿ ಪರಂಪರೆಯ ನಾಡಿದು, ಪತ್ತಿನ ಸಂಘಗಳಿಗೆ ಕೊರತೆಯಿಲ್ಲ, ಎಲ್ಲಕ್ಕೂ ಮಾರ್ಚ್ 31 ಒಂದೇ ದಿನ ಬರುತ್ತದೆ. ಎಲ್ಲ ಸದಸ್ಯರ ಬಡ್ಡಿಯನ್ನು, ಡೇಟಾಬೇಸ್ ಸಾಲುಗಳನ್ನು ಜಾವಾ ವಸ್ತುಗಳಾಗಿಸುವ ಹೈಬರ್ನೇಟ್‌ನ ಒಂದೇ ಸೆಷನ್‌ನಲ್ಲಿ ಲೆಕ್ಕ ಹಾಕಿದರೆ, ಓದಿದ ಪ್ರತಿ ಖಾತೆಯನ್ನೂ ಅದು ಕೊನೆಯವರೆಗೆ ಹಿಡಿದುಕೊಂಡಿರುತ್ತದೆ. ಐವತ್ತೋ ನೂರೋ ಖಾತೆಗಳಿಗೊಮ್ಮೆ ಫ್ಲಶ್ ಮಾಡಿ ಕ್ಲಿಯರ್ ಮಾಡಿ. ಎರಡು ಸಾಲಿನ ಬದಲಾವಣೆ, ಇಡೀ ರಾತ್ರಿಯ ಜಾಗರಣೆ ತಪ್ಪುತ್ತದೆ.

ಇನ್ನುಳಿದವು: ಗಾತ್ರಕ್ಕೆ ಮಿತಿಯೇ ಇಲ್ಲದ ಸ್ಟ್ಯಾಟಿಕ್ ಮ್ಯಾಪ್‌ಗಳು, ಥ್ರೆಡ್‌ಲೋಕಲ್‌ನಲ್ಲಿಟ್ಟು ತೆಗೆಯದ ವಸ್ತುಗಳು, ಮುಚ್ಚದ ಡೇಟಾಬೇಸ್ ಸಂಪರ್ಕಗಳು. ಸರ್ವರ್ ನಿಲ್ಲಿಸದೆ ಹೊಸ ಆವೃತ್ತಿಯನ್ನು ಮೇಲಿಂದ ಮೇಲೆ ಏರಿಸುತ್ತಿದ್ದರೆ ಹಳೆಯ ಆವೃತ್ತಿಯ ಕ್ಲಾಸ್‌ಗಳು ಹೋಗದೆ ಮೆಟಾಸ್ಪೇಸ್ ತುಂಬಬಹುದು. ಟಾಮ್‌ಕ್ಯಾಟ್ ಮ್ಯಾನೇಜರ್ ಪುಟದಲ್ಲಿ 'ಫೈಂಡ್ ಲೀಕ್ಸ್' ಗುಂಡಿ ಇರುವುದು ಇದಕ್ಕೇ.

ಹೀಪ್ ಸರಿಯಿದೆ, ಆದರೂ ರೆಸ್ ಏರುತ್ತಿದೆ

ಇದು ಅಪರೂಪ, ಬಂದರೆ ತಲೆನೋವು. ಸರ್ವರನ್ನು 'ನೇಟಿವ್ ಮೆಮೊರಿ ಟ್ರ್ಯಾಕಿಂಗ್' ಆಯ್ಕೆಯೊಂದಿಗೆ ಶುರುಮಾಡಿ, ಜೆಸಿಎಂಡಿಯಲ್ಲಿ ಬೇಸ್‌ಲೈನ್ ಹಿಡಿದು ಕೆಲವು ಗಂಟೆಗಳ ನಂತರ ವ್ಯತ್ಯಾಸ ಕೇಳಿ. ಥ್ರೆಡ್, ಕ್ಲಾಸ್, ಕೋಡ್ ಎಂದು ವಿಭಾಗವಾರು ಲೆಕ್ಕ ಬರುತ್ತದೆ. ಇದು ಸರ್ವರನ್ನು ಸ್ವಲ್ಪ ನಿಧಾನಗೊಳಿಸುತ್ತದೆ, ಕೆಲಸ ಮುಗಿದ ಮೇಲೆ ತೆಗೆಯಿರಿ. ಅದರ ಮೊತ್ತಕ್ಕೂ ರೆಸ್‌ಗೂ ದೊಡ್ಡ ಅಂತರ ಉಳಿದರೆ ಅನುಮಾನ ಜಿಲಿಬ್‌ಸಿ ಲೈಬ್ರರಿಯ ಮ್ಯಾಲಕ್ ಅರೀನಾಗಳ (ಮೆಮೊರಿ ಹಂಚಲು ಅದು ಇಟ್ಟುಕೊಳ್ಳುವ ತುಂಡುಗಳ) ಮೇಲೆ. 64 ಬಿಟ್ ಯಂತ್ರದಲ್ಲಿ ಅವು ಸಿಪಿಯು ಕೋರ್‌ಗಳ ಎಂಟು ಪಟ್ಟಿನವರೆಗೆ ಹುಟ್ಟಬಹುದು. 'ಮ್ಯಾಲಕ್ ಅರೀನಾ ಮ್ಯಾಕ್ಸ್' ಎಂಬ ಪರಿಸರ ಚರಾಂಶಕ್ಕೆ 2 ಎಂದು ಕೊಟ್ಟು ನೋಡಿ.

ಹೀಪ್ ಎಷ್ಟಿರಬೇಕು?

ಏನೂ ಹೇಳದಿದ್ದರೆ ಜಾವಾ ಯಂತ್ರದ ಮೆಮೊರಿಯ ನಾಲ್ಕನೇ ಒಂದು ಭಾಗವನ್ನು ಗರಿಷ್ಠ ಹೀಪ್ ಎಂದುಕೊಳ್ಳುತ್ತದೆ. ಡಾಕರ್‌ನಲ್ಲಿ ಹಳೆಯ ಜಾವಾ 8 ಇದ್ದರೆ, ಅಪ್‌ಡೇಟ್ 191ಕ್ಕಿಂತ ಹಿಂದಿನದು, ಅದು ಡಬ್ಬಿಯ ಮಿತಿ ಬಿಟ್ಟು ಇಡೀ ಯಂತ್ರದ ಲೆಕ್ಕ ಹಿಡಿಯುವುದುಂಟು. ನನ್ನ ರೂಢಿ: ಹಂಗಾಮಿನ ಸೋಮವಾರದ ತಳವನ್ನು ಅಳೆದು ಅದರ ಮೂರು ಪಟ್ಟು ಕೊಡುವುದು, ಡೇಟಾಬೇಸ್ ಪಾಲು ಮತ್ತು ಹೀಪ್ ಹೊರಗಿನ ಖರ್ಚು ಕಳೆದ ಮೇಲೆಯೂ ಯಂತ್ರಕ್ಕೆ ಒಂದೆರಡು ಜಿಬಿ ಬಿಡುವುದು. ಹೀಪ್ 32 ಜಿಬಿ ದಾಟಿಸುವ ಯೋಚನೆ ಇದ್ದರೆ ತಡೆಯಿರಿ. ಆ ಗಡಿಯಲ್ಲಿ ಕೊಂಡಿಗಳ ಗಾತ್ರ 4 ಬೈಟ್‌ನಿಂದ 8 ಬೈಟ್‌ಗೆ ಏರುತ್ತದೆ, ಸ್ವಲ್ಪ ಹೆಚ್ಚಿಸಿದ್ದು ಅದಕ್ಕೇ ಖರ್ಚಾಗುತ್ತದೆ. ಸೋರಿಕೆ ಇರುವ ಸರ್ವರ್‌ಗೆ ಹೀಪ್ ಹೆಚ್ಚಿಸಿದರೆ ಬೀಳುವ ದಿನ ಮುಂದಕ್ಕೆ ಹೋಗುತ್ತದೆ ಅಷ್ಟೆ.

ಪ್ರತಿ ರಾತ್ರಿ ಕ್ರಾನ್‌ನಲ್ಲಿ (ನಿಗದಿತ ಹೊತ್ತಿಗೆ ಕಮಾಂಡ್ ಓಡಿಸುವ ಸಾಧನ) ರೀಸ್ಟಾರ್ಟ್ ಹಾಕುವುದನ್ನು ನಾನು ಪೂರ್ತಿ ಬಯ್ಯುವುದಿಲ್ಲ. ಫೆಬ್ರುವರಿಯ ನಡುವೆ ಕೋಡ್ ಬದಲಿಸುವುದಕ್ಕಿಂತ ಅದು ವಾಸಿ. ಆದರೆ ಯಾವ ದೋಷಕ್ಕಾಗಿ, ಯಾರು, ಯಾವ ದಿನಾಂಕದವರೆಗೆ ಹಾಕಿದರು ಎಂದು ಕ್ರಾನ್ ಸಾಲಿನ ಮೇಲೆಯೇ ಬರೆದಿಡಿ. ಬರೆಯದಿದ್ದರೆ ಅದನ್ನು ತೆಗೆಯುವ ಧೈರ್ಯ ಮುಂದೆ ಬಂದವರಿಗೆ ಇರುವುದಿಲ್ಲ.

ಸರಿಪಡಿಸಿದ ಮೇಲೆ ಜೆಮೀಟರ್ ಎಂಬ ಹೊರೆ ಪರೀಕ್ಷೆಯ ಸಾಧನದಲ್ಲಿ ಒಂದು ಸೋಮವಾರದ ಹೊರೆಯನ್ನು ಪರೀಕ್ಷಾ ಸರ್ವರ್ ಮೇಲೆ ಹಾಕಿ, ಗುಮಾಸ್ತರು ಮಾಡುವಂತೆಯೇ ಲಾಗೌಟ್ ಇಲ್ಲದೆ. ಬಳಿಕ ಎರಡು ಮಾರುಕಟ್ಟೆಯ ದಿನಗಳ ತಳವನ್ನು ಹೋಲಿಸಿ. ಕೊನೆಗೆ ಎಚ್ಚರಿಕೆಯ ಗಂಟೆಯನ್ನೂ ಬದಲಿಸಿ: ಯಂತ್ರದ ರ‍್ಯಾಮ್ ಶೇ. 90 ದಾಟಿದರೆ ಎಂಬುದನ್ನು ತೆಗೆದು, ಸಫಾಯಿಯ ನಂತರವೂ ಹಳೆಯ ವಿಭಾಗ ಶೇ. 75ಕ್ಕಿಂತ ಮೇಲೆ ಹದಿನೈದು ನಿಮಿಷ ನಿಂತರೆ ಮತ್ತು ಅವೇಲಬಲ್ ಮೆಮೊರಿ 1 ಜಿಬಿಗಿಂತ ಇಳಿದರೆ ಎಂದು ಎರಡು ಬೇರೆ ಬೇರೆ ಗಂಟೆಗಳನ್ನು ಕಟ್ಟಿ. ಮೊದಲನೆಯದು ಪ್ರೋಗ್ರಾಮರ್‌ಗೆ ಹೋಗಲಿ, ಎರಡನೆಯದು ಯಂತ್ರ ನೋಡಿಕೊಳ್ಳುವವರಿಗೆ.